ಸರ್ಪಗಂಧದಿಂದ ರಿಸರ್ಪಿನ್‌ವರೆಗೆ: ಒಂದು ಬೇರಿನ ವೈಜ್ಞಾನಿಕ ಶೋಧದ ಇತಿಹಾಸ

ಭಾರತದ ಪಾರಂಪರಿಕ ಔಷಧೀಯ ಸಸ್ಯಗಳಲ್ಲಿ ಪ್ರಯೋಗಾಲಯದ ಪರೀಕ್ಷೆಗೆ ಒಳಪಟ್ಟವು ನೂರಾರು ಇದ್ದರೂ, ಆ ಪರೀಕ್ಷೆಯ ಫಲವಾಗಿ ಜಗತ್ತಿನ ವೈದ್ಯವಿಜ್ಞಾನದ ದಿಕ್ಕನ್ನೇ ಬದಲಿಸಿದವು ತೀರ ವಿರಳ. ಅಂಥ ವಿರಳ ಸಸ್ಯಗಳಲ್ಲಿ ಸರ್ಪಗಂಧವೂ ಒಂದು. ಇದರ ಇತಿಹಾಸವನ್ನು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಹೇಳಲಾಗುತ್ತದೆ: ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತು, ಪಾಶ್ಚಾತ್ಯರು ಅದನ್ನು ತಮ್ಮದಾಗಿಸಿಕೊಂಡರು ಎಂಬುದು ಒಂದು ವಾದ, ಜನರ ನಂಬಿಕೆಯಾಗಿದ್ದುದನ್ನು ಆಧುನಿಕ ರಸಾಯನಶಾಸ್ತ್ರವು ಜ್ಞಾನವನ್ನಾಗಿ ಮಾಡಿತು ಎಂಬುದು ಇನ್ನೊಂದು. ದಾಖಲೆಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಈ ಎರಡು ವಾದಗಳೂ ನಿಲ್ಲುವುದಿಲ್ಲ. ಪ್ರತಿಯೊಂದು ಹಂತದಲ್ಲಿಯೂ ಬೇರು ಅದೇ ಆಗಿದ್ದರೂ ಅದರ ಬಗ್ಗೆ ಕೇಳಿದ ಪ್ರಶ್ನೆ ಬೇರೆಯಾಗಿತ್ತು.

ಕಣಗಿಲೆಯ ಕುಟುಂಬಕ್ಕೆ ಸೇರಿದ ಈ ಸಸ್ಯ ಮೊಣಕಾಲಿನಿಂದ ಸೊಂಟದವರೆಗಿನ ಎತ್ತರಕ್ಕೆ ಬೆಳೆಯುವ ಪೊದೆ. ಗಿಣ್ಣಿಗೆ ಮೂರು ನಾಲ್ಕರಂತೆ ಸುತ್ತುವರಿದ ಎಲೆಗಳು, ಕೆಂಪು ತೊಟ್ಟಿನ ಮೇಲೆ ಬಿಳಿಯ ಅಥವಾ ನಸುಗೆಂಪಿನ ಹೂಗೊಂಚಲು, ಮಾಗಿದಾಗ ಕಪ್ಪುಬಣ್ಣಕ್ಕೆ ತಿರುಗುವ ಪುಟ್ಟ ಹಣ್ಣುಗಳು ಇದರ ಗುರುತು. ಔಷಧಕ್ಕೆ ಬಳಸುವುದು ಡೊಂಕುಡೊಂಕಾದ, ಬಲು ಕಹಿಯಾದ ಬೇರನ್ನು. ಅದರ ಸತ್ವದ ಬಹುಪಾಲು ಇರುವುದು ಬೇರಿನ ತೊಗಟೆಯಲ್ಲಿ. ಪಶ್ಚಿಮ ಘಟ್ಟದ ತೇವಭರಿತ ಕಾಡುಗಳಲ್ಲಿಯೂ ಬೆಳೆಯುವ ಈ ಗಿಡಕ್ಕೆ ಕನ್ನಡದಲ್ಲಿ ಸೂತ್ರನಾಭಿ, ಗರುಡಪಾತಾಳ ಎಂಬ ಹೆಸರುಗಳೂ ಇವೆ. ಸಸ್ಯಶಾಸ್ತ್ರದಲ್ಲಿ ಇದು ರಾವೊಲ್ಫಿಯ ಸರ್ಪೆಂಟಿನಾ. ಇದರ ಕುಲಕ್ಕೆ 16ನೆಯ ಶತಮಾನದ ಜರ್ಮನ್ ವೈದ್ಯ ಲಿಯೊನ್‌ಹಾರ್ಟ್ ರಾವೊಲ್ಫ್‌ನ ಹೆಸರನ್ನಿಟ್ಟವನು 1703ರಲ್ಲಿ ಅಮೆರಿಕದ ಸಸ್ಯಗಳನ್ನು ಕುರಿತು ಬರೆದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಷಾರ್ಲ್ ಪ್ಲೂಮಿಯೆ. ಪಶ್ಚಿಮ ಏಷ್ಯಾದಲ್ಲಿ ಸುತ್ತಾಡಿದ ರಾವೊಲ್ಫ್ ಭಾರತಕ್ಕೆ ಬಂದವನೇ ಅಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಸರ್ಪಗಂಧವೆಂಬ ಹೆಸರು ಆಯುರ್ವೇದದ ಪ್ರಾಚೀನ ಸಂಹಿತೆಗಳಲ್ಲಿ, ಮುಖ್ಯವಾಗಿ ವಿಷಚಿಕಿತ್ಸೆಯ ಸಂದರ್ಭದಲ್ಲಿ, ಬರುತ್ತದೆಯಾದರೂ ಅಲ್ಲಿ ಹೇಳಿರುವುದು ಈ ಗಿಡವನ್ನೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹಾವಿನ ಕಡಿತಕ್ಕೆ, ಜ್ವರಕ್ಕೆ, ಹೊಟ್ಟೆಯ ಬೇನೆಗಳಿಗೆ ಇದನ್ನು ಕೊಡುವ ರೂಢಿ ವ್ಯಾಪಕವಾಗಿತ್ತು. ಬಿಹಾರದ ಕಡೆ ಇದು ಹುಚ್ಚಿನ ಮದ್ದು ಎಂದೇ ಪ್ರಸಿದ್ಧವಾಗಿದ್ದು, ಉದ್ರೇಕಗೊಂಡ ರೋಗಿಗಳನ್ನು ಶಾಂತಗೊಳಿಸಲು ಬೇರಿನ ಪುಡಿಯನ್ನು ಬಳಸುತ್ತಿದ್ದರು. ಈ ಬಳಕೆಗಳಲ್ಲಿ ಮುಂದಿನ ವಿಜ್ಞಾನ ಎತ್ತಿಹಿಡಿದದ್ದು ಕೊನೆಯದನ್ನು ಮಾತ್ರ. ಹಾವಿನ ವಿಷವನ್ನು ಇಳಿಸುವ ಶಕ್ತಿ ಈ ಬೇರಿಗೆ ಇದೆಯೆಂಬುದು ಸಾಬೀತಾಗಲಿಲ್ಲ. ಪರಂಪರೆಯ ಜ್ಞಾನವನ್ನು ಇಡಿಯಾಗಿ ಒಪ್ಪುವವರೂ ಇಡಿಯಾಗಿ ತಳ್ಳಿಹಾಕುವವರೂ ಈ ಆಯ್ಕೆಯನ್ನು ಗಮನಿಸುವುದು ಕಡಿಮೆ.

ಆಧುನಿಕ ಸಂಶೋಧನೆಯ ಮೊದಲ ಪ್ರೇರಣೆ ಬಂದದ್ದು ದೆಹಲಿಯ ಯುನಾನಿ ವೈದ್ಯ ಹಕೀಮ್ ಅಜ್ಮಲ್ ಖಾನ್ ಅವರಿಂದ. ಪಾರಂಪರಿಕ ಔಷಧಗಳ ರಾಸಾಯನಿಕ ಪರಿಶೋಧನೆ ಆಗಲೇಬೇಕೆಂದು ಬಯಸಿದ ಅವರು ತಮ್ಮ ತಿಬ್ಬಿಯಾ ಕಾಲೇಜಿನ ಸಂಶೋಧನಾ ವಿಭಾಗಕ್ಕೆ, ಫ್ರಾಂಕ್‌ಫರ್ಟ್‌ನಲ್ಲಿ ವ್ಯಾಸಂಗ ಮುಗಿಸಿದ ತರುಣ ರಸಾಯನಶಾಸ್ತ್ರಜ್ಞ ಸಲೀಮುಜ್ಜಮಾನ್ ಸಿದ್ದೀಕಿ ಅವರನ್ನು ಕರೆತಂದರು. 1927ರಲ್ಲಿ ಅಜ್ಮಲ್ ಖಾನ್ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. 1931ರಲ್ಲಿ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಈ ಬೇರಿನಿಂದ ಹಲವು ಆಲ್ಕಲಾಯ್ಡ್‌ಗಳನ್ನು, ಅಂದರೆ ಸಾರಜನಕವುಳ್ಳ, ಪ್ರತ್ಯಾಮ್ಲ ಗುಣದ, ಅಲ್ಪ ಪ್ರಮಾಣದಲ್ಲಿಯೇ ದೇಹದ ಮೇಲೆ ಪರಿಣಾಮ ಬೀರುವ ಸಸ್ಯಜನ್ಯ ಸಂಯುಕ್ತಗಳನ್ನು, ಹರಳಿನ ರೂಪದಲ್ಲಿ ಬೇರ್ಪಡಿಸಿ, ಕೆಲವಕ್ಕೆ ಅಜ್ಮಲಿನ್, ಅಜ್ಮಲಿಸಿನ್ ಎಂದು ತಮ್ಮ ಪೋಷಕರ ಹೆಸರನ್ನೇ ಇಟ್ಟರು. ಅಜ್ಮಲಿನ್ ಹೃದಯದ ಲಯದೋಷಗಳ ಔಷಧವಾಗಿ ಮುಂದೆ ಬಳಕೆಗೆ ಬಂತು. ಹೃದಯದ ಒಂದು ಬಗೆಯ ಆನುವಂಶಿಕ ವಿದ್ಯುತ್ ದೋಷವನ್ನು ಪತ್ತೆಹಚ್ಚುವ ಪರೀಕ್ಷೆಯಲ್ಲಿ ಇಂದಿಗೂ ಅದನ್ನು ಉಪಯೋಗಿಸುತ್ತಾರೆ.

ಅದೇ 1931ರಲ್ಲಿ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ಮನೋವಿಕಾರಕ್ಕಷ್ಟೇ ಅಲ್ಲದೆ ಅಧಿಕ ರಕ್ತದೊತ್ತಡಕ್ಕೂ ಮದ್ದೆಂದು ವರದಿ ಮಾಡಿದರು. ರಕ್ತದೊತ್ತಡವನ್ನು ಅಳೆಯುವ ಉಪಕರಣ ವೈದ್ಯರ ಕೈಗೆ ಬರುವ ಮುನ್ನ ಅಂಥದೊಂದು ರೋಗದ ಕಲ್ಪನೆಯೇ ಇರಲಿಲ್ಲವಾದ್ದರಿಂದ ಯಾವ ಪ್ರಾಚೀನ ಗ್ರಂಥದಲ್ಲಿಯೂ ಇದನ್ನು ಹುಡುಕುವಂತಿಲ್ಲ. ಪರಂಪರೆ ಕಂಡಿದ್ದ ಶಾಮಕ ಗುಣವನ್ನು ಹೊಸ ಅಳತೆಗೋಲಿನಿಂದ ಅಳೆದಾಗ ಇನ್ನೊಂದು ಗುಣ ತೋರಿತು ಎನ್ನುವುದೇ ಸರಿ. 1933ರಲ್ಲಿ ಕಲ್ಕತ್ತದ ಉಷ್ಣವಲಯ ವೈದ್ಯಶಾಲೆಯಲ್ಲಿ ರಾಮನಾಥ ಚೋಪ್ರಾ ಮತ್ತು ಸಹೋದ್ಯೋಗಿಗಳು ನಡೆಸಿದ ಪ್ರಯೋಗಗಳು ಈ ನಿರ್ಣಯವನ್ನು ಬಲಪಡಿಸಿದವು. ಡೆಹ್ರಾಡೂನ್‌ನಲ್ಲಿ ಆರಂಭವಾಗಿ ಈಗ ಬೆಂಗಳೂರಿನಲ್ಲಿ ನೆಲೆಸಿರುವ ಹಿಮಾಲಯ ಸಂಸ್ಥೆ 1934ರಲ್ಲಿ ಸರ್ಪಿನಾ ಎಂಬ ಮಾತ್ರೆಯಾಗಿ ಇದನ್ನು ಮಾರುಕಟ್ಟೆಗೆ ತಂದಿತು.

ಆದರೂ ಮುಖ್ಯ ತೊಡಕೊಂದು ಹಾಗೆಯೇ ಉಳಿದಿತ್ತು. ಸಿದ್ದೀಕಿಯವರು ಬೇರ್ಪಡಿಸಿದ ಹರಳುಗಳಲ್ಲಿ ಯಾವುದೂ ಇಡೀ ಬೇರಿನ ಪುಡಿಯಷ್ಟು ಶಾಂತಗೊಳಿಸುತ್ತಿರಲಿಲ್ಲ. ಹರಳುಗಟ್ಟದೆ ಹಿಂದೆ ಉಳಿಯುವ ಅಂಟು ರಾಳದಲ್ಲಿ ನಿದ್ರಾಜನಕ ಗುಣವಿದೆಯೆಂದು 1940ರ ದಶಕದಲ್ಲಿ ಭಾರತೀಯ ಸಂಶೋಧಕರೇ ತೋರಿಸಿದರಾದರೂ ಆ ರಾಳವನ್ನು ಬಿಡಿಸಿ ಒಳಗಿನ ವಸ್ತುವನ್ನು ಶುದ್ಧರೂಪದಲ್ಲಿ ಪಡೆಯುವ ಕೆಲಸ ಇಲ್ಲಿ ಪೂರ್ಣಗೊಳ್ಳಲಿಲ್ಲ. ಈ ಇತಿಹಾಸದಲ್ಲಿ ವಿಷಾದಪಡಬೇಕಾದ ಘಟ್ಟವೊಂದಿದ್ದರೆ ಅದು ಇದೇ: ಸರಿಯಾದ ಸುಳಿವು ಕೈಯಲ್ಲಿದ್ದೂ ಗುರಿ ತಲುಪಲಿಲ್ಲ.

ಮುಂಬಯಿಯ ಹೃದಯರೋಗ ತಜ್ಞ ರುಸ್ತುಮ್ ಜಾಲ್ ವಕೀಲ್ 1949ರಲ್ಲಿ 50 ಮಂದಿ ರಕ್ತದೊತ್ತಡದ ರೋಗಿಗಳ ಮೇಲಿನ ಅಧ್ಯಯನವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದಾಗ ಹೊರಜಗತ್ತು ಕಣ್ತೆರೆಯಿತು. ಇಂದಿನ ಕಟ್ಟುನಿಟ್ಟಿನ ಮಾನದಂಡಗಳಿಗೆ ಅದು ಹೊಂದುವುದಿಲ್ಲವಾದರೂ, ಎರಡು ದಶಕಗಳ ಭಾರತೀಯ ಪತ್ರಿಕೆಗಳ ವರದಿಗಳು ಸಾಧಿಸದ ಪ್ರಭಾವವನ್ನು ಆ ಒಂದು ಲೇಖನ ಸಾಧಿಸಿತು. ಅದಕ್ಕೆ ಪ್ರಕಟವಾದ ಸ್ಥಳವೂ ಕಾರಣವೆಂಬುದನ್ನು ಅಲ್ಲಗಳೆಯುವಂತಿಲ್ಲ. ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಈ ಔಷಧವನ್ನು ತಮ್ಮ ರೋಗಿಗಳ ಮೇಲೆ ಪರೀಕ್ಷಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸೀಬಾ ಸಂಸ್ಥೆಯಲ್ಲಿ ಮ್ಯೂಲರ್, ಷ್ಲಿಟ್ಲರ್ ಮತ್ತು ಬೈನ್ ಎಂಬ ಮೂವರು ಅದೇ ರಾಳದ ಭಾಗದಿಂದ ರಿಸರ್ಪಿನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿದರು. ಬೇರಿನಲ್ಲಿ ಅದರ ಪ್ರಮಾಣ ತೀರ ಸ್ವಲ್ಪ. ಆದರೆ ದಿನಕ್ಕೆ ಒಂದು ಮಿಲಿಗ್ರಾಮಿನ ಕಾಲು ಭಾಗವೋ ಅದಕ್ಕಿಂತ ಕಡಿಮೆಯೋ ಕೊಟ್ಟರೆ ರಕ್ತದೊತ್ತಡ ಇಳಿಯುತ್ತಿತ್ತು. 1956ರಲ್ಲಿ ರಾಬರ್ಟ್ ವುಡ್‌ವರ್ಡ್ ಇದನ್ನು ಪ್ರಯೋಗಾಲಯದಲ್ಲಿಯೇ ಸಂಶ್ಲೇಷಿಸಿದ್ದು ಸಾವಯವ ರಸಾಯನಶಾಸ್ತ್ರದ ಶ್ರೇಷ್ಠ ಸಾಧನೆಗಳಲ್ಲಿ ಒಂದೆಂದು ಪರಿಗಣಿತವಾಗಿದೆ.

1954ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಕ್‌ಲೆಂಡ್ ಆಸ್ಪತ್ರೆಯ ನೇತನ್ ಕ್ಲೈನ್ ಮಾನಸಿಕ ರೋಗಿಗಳಲ್ಲಿ ಇದರ ಬಳಕೆಯನ್ನು ವರದಿ ಮಾಡಿದರು; ಬಿಹಾರದ ಮನೆಮದ್ದು ಹೀಗೆ ಮನೋರೋಗಾಲಯಕ್ಕೆ ಮರಳಿತು. ವಕೀಲ್ ಮತ್ತು ಕ್ಲೈನ್ ಇಬ್ಬರಿಗೂ 1957ರ ಲಾಸ್ಕರ್ ಪ್ರಶಸ್ತಿ ದೊರೆಯಿತು. ಸೇನ್, ಬೋಸ್, ಸಿದ್ದೀಕಿಯವರ ಹೆಸರು ಆ ಪಟ್ಟಿಯಲ್ಲಿರಲಿಲ್ಲ.

ರಿಸರ್ಪಿನ್‌ನ ಅತಿ ದೊಡ್ಡ ಕೊಡುಗೆ ಮಾತ್ರ ಚಿಕಿತ್ಸೆಯದಲ್ಲ. ನರಕೋಶಗಳು ಪರಸ್ಪರ ಸಂದೇಶ ಕಳಿಸಲು ಬಳಸುವ ರಾಸಾಯನಿಕಗಳು ಕೋಶದೊಳಗೆ ಸೂಕ್ಷ್ಮ ಕೋಶಿಕೆಗಳಲ್ಲಿ ಸಂಗ್ರಹವಾಗಿರುತ್ತವೆ; ರಿಸರ್ಪಿನ್ ಆ ಸಂಗ್ರಹದ ಬಾಗಿಲನ್ನು ಮುಚ್ಚುವುದರಿಂದ ದಾಸ್ತಾನು ಬರಿದಾಗುತ್ತದೆ. 1955ರಲ್ಲಿ ಅಮೆರಿಕದ ಬರ್ನಾರ್ಡ್ ಬ್ರೋಡಿಯವರ ತಂಡ ಸೆರೊಟೋನಿನ್ ಹೀಗೆ ಬರಿದಾಗುವುದನ್ನು ತೋರಿಸಿತು. ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ರಿಸರ್ಪಿನ್ ಕೊಟ್ಟ ಮೊಲಗಳು ಕಿವಿ ಜೋತುಬಿದ್ದು ಅಲುಗಾಡದೆ ಕೂರುವುದನ್ನೂ ಡೋಪಮೀನ್‌ನ ಪೂರ್ವರೂಪವಾದ ಎಲ್-ಡೋಪಾ ಚುಚ್ಚಿದರೆ ಕೆಲವೇ ನಿಮಿಷಗಳಲ್ಲಿ ಚೇತರಿಸಿಕೊಳ್ಳುವುದನ್ನೂ 1957ರಲ್ಲಿ ವರದಿ ಮಾಡಿದರು. ಪಾರ್ಕಿನ್‌ಸನ್ ಕಾಯಿಲೆಯ ಇಂದಿನ ಚಿಕಿತ್ಸೆಗೆ ದಾರಿ ತೆರೆದದ್ದು ಈ ಪ್ರಯೋಗವೇ; ಕಾರ್ಲ್‌ಸನ್‌ರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಔಷಧವಾಗಿ ರಿಸರ್ಪಿನ್‌ನ ಉಚ್ಛ್ರಾಯ ಬಹುಕಾಲ ಬಾಳಲಿಲ್ಲ. ಮೂಗುಕಟ್ಟುವಿಕೆ, ಹೃದಯದ ಬಡಿತ ನಿಧಾನವಾಗುವುದು, ಹೆಚ್ಚಿನ ಪ್ರಮಾಣದಲ್ಲಿ ಖಿನ್ನತೆ ಕಂಡುಬಂದುದರ ಜೊತೆಗೆ ಹೊಸ ಔಷಧಗಳೂ ಬಂದವು. ಬೇರಿನ ಪುಡಿಯಲ್ಲಿರುವುದೂ ಇದೇ ರಿಸರ್ಪಿನ್ ಆದ್ದರಿಂದ, ಗಿಡಮೂಲಿಕೆಯೆಂಬ ಧೈರ್ಯದಿಂದ ವೈದ್ಯರ ಸಲಹೆಯಿಲ್ಲದೆ ಅದನ್ನು ಸೇವಿಸುವುದು ಅಪಾಯಕರ.

ಈ ಶೋಧದ ಬೆಲೆಯನ್ನು ತೆತ್ತದ್ದು ಕಾಡಿನ ಗಿಡ. ಬೇರಿಗಾಗಿ ಕಿತ್ತರೆ ಗಿಡವೇ ಇಲ್ಲವಾಗುತ್ತದೆ. ಬೀಜದಿಂದ ಮೊಳಕೆ ಬರುವ ಪ್ರಮಾಣ ಕಡಿಮೆ. ಬೇಸಾಯದಲ್ಲಿಯೂ ಬೇರು ಕೊಯ್ಲಿಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. 1950ರ ದಶಕದ ಬೇಡಿಕೆಗೆ ಕಾಡುಗಳು ಬರಿದಾಗತೊಡಗಿ, ಆಫ್ರಿಕಾದ ರಾವೊಲ್ಫಿಯ ವಾಮಿಟೋರಿಯಾ ಎಂಬ ಸೋದರ ಪ್ರಭೇದ ಉದ್ಯಮಕ್ಕೆ ಕಚ್ಚಾವಸ್ತುವಾಯಿತು. ಇಂದು ಸರ್ಪಗಂಧವು ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ.