ನಡೆಯೋ ಅಂಗಡಿ ಕೊಳ್ಳೋದು: ಗುಡ್‌ವಿಲ್ ಅನ್ನೋ ಸಾಮಾನಿನ ಚರಿತ್ರೆ

ಪೋಸ್ಟ್ ಉದ್ದ ಆಗ್ತದ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಹೋದ ತಿಂಗಳು ನಮ್ಮ ಓಣಿ ಹುಡುಗ ಒಬ್ಬ ಮನೆಗೆ ಬಂದ. ಇಲ್ಲೇ ಸವಣೂರಿನಲ್ಲಿ ಒಂದು ಚಹಾ ಕಂಪನಿಯ ಫ್ರಾಂಚೈಸಿ ಅಂಗಡಿ ಮಾರಾಟಕ್ಕಿದೆ. ಈಗಿನ ಮಾಲೀಕರು ಮಗನ ಹತ್ತಿರ ಬೆಂಗಳೂರಿಗೆ ಹೋಗ್ತಾರೆ. "ಅಣ್ಣಾ, ನೀ ಆಫೀಸಿನ್ಯಾಗ ಕಾಗದ ನೋಡಾಂವ, ಇದನ್ನೊಮ್ಮೆ ನೋಡು" ಅಂದ. ನೋಡಿದೆ. ಫ್ರಿಜ್ಜು, ಒಲೆ, ಟೇಬಲ್ಲು, ಮಳಿಗೆಯ ಡಿಪಾಸಿಟ್ಟು, ಎಲ್ಲಕ್ಕೂ ಒಂದೊಂದು ರೇಟು. ಕೊನೆಯ ಸಾಲಿನಲ್ಲಿ "ಗುಡ್‌ವಿಲ್" ಅಂತ ಇತ್ತು. ಮೇಲಿನ ಎಲ್ಲಾ ಸಾಮಾನು ಕೂಡಿಸಿದರೂ ಅದರಷ್ಟು ಆಗ್ತಿರಲಿಲ್ಲ.

"ಇದು ಯಾವ ಸಾಮಾನಣ್ಣಾ? ಅಂಗಡ್ಯಾಗ ಎಲ್ಲೈತಿ?" ಅಂತ ಕೇಳಿದ. ಅವನ ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ಗುಡ್‌ವಿಲ್ ಅಂದರೆ ನಿನ್ನೆ ಬಂದ ಗಿರಾಕಿ ನಾಳೆಯೂ ಬರ್ತಾನೆ ಅನ್ನೋ ನಂಬಿಕೆ. ನಡೆಯೋ ವ್ಯಾಪಾರ ಕೊಳ್ಳೋರು ಮುಖ್ಯವಾಗಿ ಕೊಳ್ಳೋದು ಇದನ್ನೇ. ಮಾಲೀಕ ಬದಲಾದರೂ ಗಿರಾಕಿ ಬದಲಾಗಲ್ಲ ಅನ್ನೋ ಲೆಕ್ಕದ ಮೇಲೆ ರೊಕ್ಕ ಕೊಡ್ತಾರೆ. ನಮ್ಮ ದೇಶದಲ್ಲಿ ಈ ಲೆಕ್ಕ ಎಲ್ಲರಿಗೂ ಒಂದೇ ಥರ ಬರಲ್ಲ.

ಹಳೆಯದಕ್ಕೆ ಹೋಗೋಣ. ಫ್ರಾಂಚೈಸಿ ಅನ್ನೋ ಪದ ಹೊಸದು, ವ್ಯವಹಾರ ಹೊಸದಲ್ಲ. ಮರಾಠರ ಆಳ್ವಿಕೆ ನಡೆದ ದಖ್ಖನಿನಲ್ಲಿ ಪಾಟೀಲಕಿ ವತನವನ್ನು ಕೊಳ್ಳೋದು, ಮಾರೋದು ಇತ್ತು. ಕಷ್ಟಕ್ಕೆ ಸಿಕ್ಕ ಪಾಟೀಲ ತನ್ನ ವತನದ ಅರ್ಧ ಪಾಲು ಮಾರಿದರೆ, ಕೊಂಡವನಿಗೆ ಜಮೀನಿನ ಜತೆ ಹಕ್ಕು ಬರ್ತಿತ್ತು, ಮಾನಪಾನ ಬರ್ತಿತ್ತು. ಹಬ್ಬದಲ್ಲಿ ಮೊದಲ ವೀಳ್ಯ ಯಾರಿಗೆ ಅನ್ನೋದೂ ಪತ್ರದಲ್ಲಿ ಬರೀಬೇಕಾದ ಸಂಗತಿ. ಮಾರಾಟ ಇಬ್ಬರ ನಡುವೆ ಮುಗೀತಿರಲಿಲ್ಲ. ಊರಿನವರ ಸಾಕ್ಷಿ ಬೇಕು, ಸರ್ಕಾರದ ಒಪ್ಪಿಗೆ ಬೇಕು, ನಜರಾಣೆ ಕಟ್ಟಬೇಕು. ಇವತ್ತು ಫ್ರಾಂಚೈಸಿ ಕೊಳ್ಳೋನು ಹಳೆ ಮಾಲೀಕನಿಗೆ ರೊಕ್ಕ ಕೊಟ್ಟು, ಕಂಪನಿಗೆ ವರ್ಗಾವಣೆ ಫೀ ಕಟ್ಟಿ, ಒಪ್ಪಿಗೆ ಪತ್ರಕ್ಕೆ ಕಾಯ್ತಾನಲ್ಲ, ಅದೇ ಮಾದರಿ. (ದಿಲ್ಲಿಯ ಬಾದಶಹರನ್ನು ಕೈಯಲ್ಲಿಟ್ಟುಕೊಂಡಿದ್ದ ಮಹಾದಜಿ ಶಿಂದೆಗೂ ತನ್ನನ್ನು 'ಪಾಟೀಲ' ಅಂತ ಕರೆಸಿಕೊಳ್ಳೋದೇ ಇಷ್ಟ ಇತ್ತಂತೆ. ಆ ಹೆಸರಿನ ಗುಡ್‌ವಿಲ್ ಎಷ್ಟಿರಬೇಕು ನೋಡ್ರಿ.)

ಅದೇ ಊರಲ್ಲಿ ಇನ್ನೊಂದು ವತನ ಇತ್ತು, ನಮ್ಮದು. ಸೀಮೆ ಕಲ್ಲು ತೋರಿಸೋದು, ಟಪಾಲು ಒಯ್ಯೋದು, ಸತ್ತ ದನ ಎಳೆಯೋದು, ಹಗಲು ರಾತ್ರಿ ಕರೆದಾಗ ಓಡೋದು. ಪ್ರತಿಫಲಕ್ಕೆ ತುಂಡು ಭೂಮಿ, ಕಣದಾಗ ಒಂದಿಷ್ಟು ಕಾಳು. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಈ ವತನದ ಬಗ್ಗೆ ಮಸೂದೆ ತಂದರು. 1874ರ ವತನ ಕಾಯ್ದೆ ತಿದ್ದಿ ಈ ಜೀತದಿಂದ ನಮ್ಮ ಜನರನ್ನ ಬಿಡಿಸೋದು ಅವರ ಉದ್ದೇಶ. ಆಗ ಹಾವೇರಿ, ಹಾನಗಲ್ಲು ಎಲ್ಲಾ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಸವಣೂರು ಮಾತ್ರ ನವಾಬರ ಸಂಸ್ಥಾನ, ಅದು ಸೇರಿದ್ದು 1948ರಲ್ಲಿ. ಆ ಮಸೂದೆ ಪಾಸಾಗಲಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿ ಆದದ್ದು 1963ರಲ್ಲಿ.

ಒಂದು ವತನಕ್ಕೆ ಜನ ರೊಕ್ಕ ಹಿಡಕೊಂಡು ನಿಲ್ತಿದ್ದರು. ಇನ್ನೊಂದನ್ನು ಬಿಡಿಸ್ರಿ ಅಂತ ನಾವು ಕೈಮುಗೀತಿದ್ದೆವು. ನಮ್ಮ ವತನ ಕೊಳ್ಳಾಕ ಹೊರಗಿನವರು ಯಾರಾರ ಬರ್ತಿದ್ರೇನು?

ವತನ ಬಿಟ್ಟು ಪೇಟೆಗೆ ಬಂದರೆ ಏನಾಗ್ತದೆ ಅನ್ನೋದಕ್ಕೂ ಬಾಬಾಸಾಹೇಬರ ಜೀವನದಲ್ಲೇ ಉದಾಹರಣೆ ಇದೆ. 1917ರಲ್ಲಿ ವಿದೇಶದಿಂದ ಬಂದು, ಬರೋಡಾದ ನೌಕರಿ ಬಿಟ್ಟು ಮುಂಬೈಗೆ ಮರಳಿದ ಮೇಲೆ ಅವರು ಷೇರು ವ್ಯವಹಾರದ ಸಲಹೆ ಕೊಡೋ ಒಂದು ಸಣ್ಣ ಸಂಸ್ಥೆ ಇಟ್ಟರು. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿದ ಮನುಷ್ಯ. ಗಿರಾಕಿಗಳು ಬಂದರು. ಜಾತಿ ಗೊತ್ತಾದ ಮೇಲೆ ಬರೋದು ನಿಲ್ಲಿಸಿದರು, ಸಂಸ್ಥೆ ಮುಚ್ಚಿತು. ಅಲ್ಲಿ ಸಲಹೆ ಕೆಡಲಿಲ್ಲ, ಗುಡ್‌ವಿಲ್ ಕೆಟ್ಟಿತು.

ಚಹಾ ಅಂಗಡಿ ಅಂದರೆ ಇನ್ನೂ ಸೂಕ್ಷ್ಮ. ನಮ್ಮ ಕಡೆ 'ಲಿಂಗಾಯತ ಖಾನಾವಳಿ' ಅಂತ ಬೋರ್ಡು ಈಗಲೂ ಕಾಣ್ತದೆ, 'ಬ್ರಾಹ್ಮಣರ ಹೋಟೆಲ್' ಅಂತಲೂ ಇತ್ತು. ಒಲೆಯ ಮುಂದೆ ಯಾರಿದ್ದಾರೆ ಅಂತ ಗಿರಾಕಿಗೆ ಕೊಡೋ ಗ್ಯಾರಂಟಿ ಅದು. ನಮಗೋ ಬೇರೆ ಕಪ್ಪು, ಬೇರೆ ಗ್ಲಾಸು, ತೊಳೆದು ಇಡೋದೂ ನಾವೇ. ಇಂಥಲ್ಲಿ ಕಂಪನಿ ಬೋರ್ಡಿನಿಂದ ಒಂದು ಉಪಕಾರ ಆಗಿದೆ ಅಂತ ನನಗನ್ನಿಸ್ತದೆ. ಅದರ ಮೇಲೆ ಅಡ್ಡಹೆಸರು ಇರಲ್ಲ. ಹುಬ್ಬಳ್ಳಿಯಲ್ಲಾದರೆ ಕೌಂಟರಿನಲ್ಲಿ ಯಾರು ನಿಂತಿದ್ದಾರೆ ಅಂತ ಯಾರೂ ಕೇಳಲ್ಲ. ಸವಣೂರಿನಲ್ಲಿ ಕೇಳೋದೇ ಬೇಡ, ಎಲ್ಲರಿಗೂ ಗೊತ್ತಿರ್ತದೆ. 2010ರ ಜುಲೈನಲ್ಲಿ, ಜಾಗ ಬಿಡ್ರಿ ಅಂದಿದ್ದಕ್ಕೆ ನಮ್ಮ ಭಂಗಿ ಕುಟುಂಬಗಳ ಜನ ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತದ್ದು ಇದೇ ಊರಿನಲ್ಲಿ.

ಇನ್ನು ಸಾಲದ ವಿಷಯ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆ 2008ರಿಂದ ಇದೆ. ಪರಿಶಿಷ್ಟರಿಗೆ ಹಳ್ಳಿಯಲ್ಲಿ 35, ಪಟ್ಟಣದಲ್ಲಿ 25 ಪರ್ಸೆಂಟ್ ಸಬ್ಸಿಡಿ. ಆದರೆ ಹೊಸ ಘಟಕಕ್ಕೆ ಮಾತ್ರ. 2016ರ ಸ್ಟ್ಯಾಂಡ್ ಅಪ್ ಇಂಡಿಯಾದಲ್ಲಿ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಇತ್ತು, ಅಲ್ಲೂ 'ಗ್ರೀನ್‌ಫೀಲ್ಡ್' ಅನ್ನೋ ಷರತ್ತು ಇತ್ತು. ಅಂದರೆ ನಮಗೆ ಸಬ್ಸಿಡಿ ಬೇಕಾದರೆ ಖಾಲಿ ಜಾಗದಾಗ ಹೊಸ ಅಂಗಡಿ ಇಡಬೇಕು, ಗಿರಾಕಿಯನ್ನ ಒಬ್ಬೊಬ್ಬರನ್ನೇ ಹುಡುಕಬೇಕು, ಮೊದಲ ವರ್ಷದ ಲುಕ್ಸಾನು ತಿನ್ನಬೇಕು. ನಡೆಯೋ ಅಂಗಡಿ ರೊಕ್ಕ ಇದ್ದವರಿಗೆ. ಪೆಟ್ರೋಲ್ ಪಂಪಿನ ಡೀಲರ್‌ಶಿಪ್‌ನಲ್ಲಿ ಮೀಸಲಾತಿ ಇದೆ, ನಿಜ. ಬೋರ್ಡಿನಾಗ ನಮ್ಮವನ ಹೆಸರು, ಗಲ್ಲಾದಾಗ ಬೇರೆಯವನ ಕೈ ಇರೋ ಪಂಪುಗಳ ಕಥೆ ನಿಮಗೆ ನಾನು ಹೇಳಬೇಕಿಲ್ಲ. ಮಂಜೂರಾದ ಭೂಮಿ ಹೀಗೇ ಕೈಬಿಟ್ಟು ಹೋಗ್ತಿದ್ದದ್ದಕ್ಕೇ ಅಲ್ಲವೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತಂದದ್ದು.

ಹುಡುಗನಿಗೆ ಕೊಳ್ಳಬೇಡ ಅನ್ನಲಿಲ್ಲ. ಕೊಂಡೇ ನೋಡು ಅಂದೆ, ಆದರೆ ಕಾಗದ ಗಟ್ಟಿ ಮಾಡ್ಕೊಂಡು. ಫ್ರಾಂಚೈಸಿಗೆ ಅಂತ ನಮ್ಮ ದೇಶದಲ್ಲಿ ಬೇರೆ ಕಾನೂನಿಲ್ಲ, ಕರಾರು ಪತ್ರವೇ ಎಲ್ಲಾ. ಕಂಪನಿಯ ಲಿಖಿತ ಒಪ್ಪಿಗೆ ಬರೋವರೆಗೆ ಪೂರ್ತಿ ರೊಕ್ಕ ಕೊಡಬಾರದು. ಕರಾರು ಇನ್ನೆಷ್ಟು ವರ್ಷ ಉಳಿದಿದೆ, ನವೀಕರಣಕ್ಕೆ ಮತ್ತೆ ಫೀ ಎಷ್ಟು, ಮಳಿಗೆಯ ಬಾಡಿಗೆ ಪತ್ರ ಇವನ ಹೆಸರಿಗೆ ಆಗ್ತದೋ ಇಲ್ಲವೋ ನೋಡಬೇಕು. ಬಾಡಿಗೆ ಪತ್ರ ಆಗಲಿಲ್ಲ ಅಂದರೆ ಉಳಿದದ್ದೆಲ್ಲಾ ಗಾಳಿ. ಜಿಎಸ್‌ಟಿ ಕಾಯ್ದೆಯ 85ನೇ ಕಲಮಿನ ಪ್ರಕಾರ ಹಳೆ ಮಾಲೀಕನ ತೆರಿಗೆ ಬಾಕಿಗೆ ಕೊಂಡವನೂ ಹೊಣೆ. ಹಾಗಾಗಿ ಮಾಲೀಕ ಬಾಯಲ್ಲಿ ಹೇಳಿದ ವ್ಯಾಪಾರಕ್ಕಿಂತ ಅವನು ತುಂಬಿದ ರಿಟರ್ನ್ ನೋಡಬೇಕು. ಗುಡ್‌ವಿಲ್ ಮಾರಿದವನು ಅದೇ ಪ್ರದೇಶದಲ್ಲಿ ಅದೇ ವ್ಯಾಪಾರ ಮಾಡಲ್ಲ ಅಂತ ಬರೆಸಿಕೊಳ್ಳೋಕೆ 1872ರ ಕರಾರು ಕಾಯ್ದೆಯ 27ನೇ ಕಲಮು ಅವಕಾಶ ಕೊಡ್ತದೆ. ಇಲ್ಲದಿದ್ದರೆ ಎದುರಿಗೇ ಇನ್ನೊಂದು ಅಂಗಡಿ ಇಟ್ಟು ಗಿರಾಕಿಗಳನ್ನ ಕರಕೊಂಡು ಹೋದರೆ ಏನು ಮಾಡೋದು?

ಗುಡ್‌ವಿಲ್ ರೊಕ್ಕದ ಬಗ್ಗೆ ಜಗ್ಗಾಡಿದೆವು. ಕೊನೆಗೆ ಅರ್ಧ ಈಗ, ಇನ್ನರ್ಧ ಆರು ತಿಂಗಳ ಮೇಲೆ, ಅದೂ ವ್ಯಾಪಾರ ಇಳಿಯದೇ ಇದ್ದರೆ ಮಾತ್ರ ಅಂತ ಆಯ್ತು. ಮಾಲೀಕರು ಕೆಟ್ಟ ಮನುಷ್ಯ ಅಲ್ಲ. ಹುಡುಗನ ಒಳ್ಳೇದಕ್ಕೇ ಅಂತ ಒಂದು ಮಾತು ಹೇಳಿದರು: "ತಮ್ಮಾ, ಕೊಂಡೀನಂತ ಯಾರಿಗೂ ಹೇಳಾಕ ಹೋಗಬ್ಯಾಡ. ನಮ್ಮ ಅಂಗಡ್ಯಾಗ ಕೆಲಸಕ್ಕದೀನಿ ಅನ್ನು. ವ್ಯಾಪಾರ ಕುಂದ್ರೋದಿಲ್ಲ."

ಹುಡುಗ ಸುಮ್ಮನೆ ಕೇಳಿಕೊಂಡ. ಹೊರಗೆ ಬಂದ ಮೇಲೆ, "ಅಣ್ಣಾ, ಗಲ್ಲಾದ ಮ್ಯಾಲ ಬಾಬಾಸಾಹೇಬರ ಫೋಟೋ ಹಾಕಾಕ ಬರ್ತದೇನು?" ಅಂದ. ಕಂಪನಿಯ ಕರಾರು ತೆಗೆದು ನೋಡಿದೆವು. ಕಂಪನಿ ಒಪ್ಪಿದ ಚಿತ್ರ ಬಿಟ್ಟು ಗೋಡೆಗೆ ಬೇರೇನೂ ಹಾಕುವಂತಿಲ್ಲ ಅಂತ ಬರೆದಿದೆ. ಈಗ ಅದೇ ಜಾಗದಲ್ಲಿ ಹಳೆ ಮಾಲೀಕರ ಮನೆದೇವರ ಫೋಟೋ, ಊದಿನಕಡ್ಡಿ ಸಮೇತ ಇದೆ. ಇಷ್ಟು ವರ್ಷ ಯಾವ ಇನ್‌ಸ್ಪೆಕ್ಷನ್‌ನಲ್ಲೂ ಯಾರೂ ಅದನ್ನ ಕೇಳಿಲ್ಲವಂತೆ.

ವರ್ಗಾವಣೆ ಅರ್ಜಿ ನಾನೇ ಬರೆದುಕೊಟ್ಟೆ. ಕೊನೆಯ ಪ್ಯಾರಾದಲ್ಲಿ ಫೋಟೋದ ಅಳತೆ ಹಾಕಿ, ಹಚ್ಚೋದಕ್ಕೆ ಅನುಮತಿ ಕೊಡಬೇಕು ಅಂತ ಸೇರಿಸಿದ್ದೀನಿ. ಅರ್ಜಿ ಹೋಗಿ ಹನ್ನೊಂದು ದಿನ ಆಯ್ತು, ಉತ್ತರ ಇನ್ನೂ ಬಂದಿಲ್ಲ. ಬಂದರೆ ಇಲ್ಲೇ ಹಾಕ್ತೀನಿ.