ಡೈನೋಸಾರ್‌ಗಳ ಹಸಿರು ಮೈಬಣ್ಣದ ಚರಿತ್ರೆ

ನೆಲದಡಿಯಲ್ಲಿ ಕೋಟ್ಯಂತರ ವರ್ಷ ಕೆಡದೆ ಉಳಿಯುವುದು ಬಹುಮಟ್ಟಿಗೆ ಮೂಳೆ ಮತ್ತು ಹಲ್ಲು ಮಾತ್ರವಾದುದರಿಂದ, 1842ರಲ್ಲಿ ಇಂಗ್ಲೆಂಡಿನ ಅಂಗರಚನಾ ವಿಜ್ಞಾನಿ ರಿಚರ್ಡ್ ಓವೆನ್ ‘ಡೈನೋಸಾರಿಯಾ’ ಎಂಬ ವರ್ಗಕ್ಕೆ ಹೆಸರಿಟ್ಟಂದಿನಿಂದ ಮುಂದಿನ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಆ ಪ್ರಾಣಿಗಳ ಮೈಬಣ್ಣವನ್ನು ನಿರ್ಧರಿಸಿದವರು ಚಿತ್ರಕಾರರು, ಜಾಹೀರಾತುದಾರರು ಮತ್ತು ಚಲನಚಿತ್ರ ತಯಾರಕರು. ಇಂದಿಗೂ ಮಕ್ಕಳ ಕೈಗೆ ಬರುವ ಹಸಿರು ಡೈನೋಸಾರ್ ಇವರ ಕಸುಬಿನ ಕೂಸು.

ಮೊದಲ ತಲೆಮಾರುಗಳ ಕಲಾವಿದರು ಆನೆ, ಘೇಂಡಾಮೃಗ, ಮೊಸಳೆಗಳನ್ನು ಮಾದರಿಯಾಗಿಟ್ಟುಕೊಂಡು ಬೂದು, ಕಂದು ಮತ್ತು ಮಂಕು ಹಸಿರಿನ ಎಲ್ಲೆಯೊಳಗೇ ಉಳಿದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪೀಬಡಿ ಸಂಗ್ರಹಾಲಯದಲ್ಲಿ ರುಡಾಲ್ಫ್ ಜಾಲಿಂಗರ್ 1943ರಿಂದ 1947ರವರೆಗೆ ದುಡಿದು ಮುಗಿಸಿದ 110 ಅಡಿ ಉದ್ದದ ಭಿತ್ತಿಚಿತ್ರವು ಈ ಸಂಪ್ರದಾಯದ ಶಿಖರ. 1953ರಲ್ಲಿ ‘ಲೈಫ್’ ಪತ್ರಿಕೆ ಅದರ ರೂಪವೊಂದನ್ನು ಅಚ್ಚು ಹಾಕಿ ಮನೆಮನೆಗೆ ತಲುಪಿಸಿತು, ಮಾರ್ಕ್ಸ್ ಎಂಬ ಆಟಿಕೆ ಕಂಪನಿ ಅದೇ ಭಂಗಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದಿತು. ಒಂದು ಬೊಂಬೆಗೆ ಒಂದೇ ಬಣ್ಣದ ಪ್ಲಾಸ್ಟಿಕ್ ಸಾಕೆಂಬ ಕಾರ್ಖಾನೆಯ ಮಿತವ್ಯಯದಿಂದ ಪಟ್ಟೆ, ಚುಕ್ಕೆ, ನೆರಳುಗಳೆಲ್ಲ ಮಾಯವಾದವು.

ಹಸಿರನ್ನು ಜನಮನದಲ್ಲಿ ಗಟ್ಟಿಗೊಳಿಸಿದ ಶ್ರೇಯಸ್ಸು ಮಾತ್ರ ಹೆಚ್ಚಾಗಿ ಒಂದು ತೈಲ ಕಂಪನಿಗೆ ಸಲ್ಲಬೇಕು. ತನ್ನ ಕೀಲೆಣ್ಣೆಗಳು ಅತಿ ಪ್ರಾಚೀನ ಕಚ್ಚಾ ತೈಲದಿಂದ ತಯಾರಾದವು, ಆದ್ದರಿಂದಲೇ ಉತ್ತಮವಾದವು ಎಂದು ಸಾರಲು ಅಮೆರಿಕದ ಸಿಂಕ್ಲೇರ್ ಕಂಪನಿ 1930ರಲ್ಲಿ ಡೈನೋಸಾರ್‌ಗಳನ್ನು ಜಾಹೀರಾತಿಗೆ ತಂದಿತು. ಅವುಗಳಲ್ಲಿ ಬ್ರಾಂಟೋಸಾರಸ್ ಜನರಿಗೆ ಮೆಚ್ಚುಗೆಯಾಗಲು ಅದು ಕಂಪನಿಯ ಲಾಂಛನವಾಯಿತು, ಹಸಿರು ಬಣ್ಣದಲ್ಲಿ ಪೆಟ್ರೋಲ್ ಬಂಕುಗಳ ಮೇಲೆ ನಿಂತಿತು. ಸಿನಿಮಾದಲ್ಲಿಯೂ ಇದೇ ಬಗೆಯ ಕತೆ ನಡೆಯಿತು. ಜಪಾನಿನ ತೊಹೊ ಸಂಸ್ಥೆ 1954ರಲ್ಲಿ ತೆರೆಗೆ ತಂದ ಗಾಡ್ಜಿಲಾದ ವೇಷ ಇದ್ದಿಲಿನಂಥ ಬೂದು ಬಣ್ಣದ್ದಾಗಿದ್ದರೂ, ಚಿತ್ರ ಕಪ್ಪು-ಬಿಳುಪಿನದಾದ್ದರಿಂದ ಅಮೆರಿಕದ ಭಿತ್ತಿಪತ್ರಗಳು ಅದನ್ನು ಹಸಿರಾಗಿಸಿದವು, 1978ರ ಅಮೆರಿಕನ್ ಕಾರ್ಟೂನ್ ಸರಣಿ ಆ ಹಸಿರನ್ನು ಖಾಯಂ ಮಾಡಿತು, ಕೊನೆಗೆ 1999ರ ಚಿತ್ರದಲ್ಲಿ ಜಪಾನಿನ ವೇಷವೇ ಹಸಿರಾಯಿತು.

ಹಸಿರು ಸರೀಸೃಪಗಳು ಇಲ್ಲವೆಂದಲ್ಲ. ಕರ್ನಾಟಕದ ತೋಟಗಳ ಹಸುರುಹಾವನ್ನು ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ. ಆದರೆ ಅವುಗಳ ಹಸಿರು ಸಾಮಾನ್ಯವಾಗಿ ಎರಡು ಪದರಗಳ ಕೂಟ: ಚರ್ಮದ ಒಳಪದರದ ಸೂಕ್ಷ್ಮ ಹರಳುಗಳು ನೀಲಿ ಬೆಳಕನ್ನು ಹಿಂದಿರುಗಿಸುತ್ತವೆ, ಮೇಲಿನ ಹಳದಿ ವರ್ಣಕೋಶಗಳು ಅದನ್ನು ಹಸಿರಾಗಿ ತೋರಿಸುತ್ತವೆ. ಮದ್ಯಸಾರದಲ್ಲಿಟ್ಟ ಹಸಿರು ಹಾವು ಹಳದಿ ಕರಗಿ ನೀಲಿಗೆ ತಿರುಗುವುದು ಈ ಕಾರಣದಿಂದಲೇ. ಎಲೆಗಳ ನಡುವೆ ಅವಿತು ಬದುಕುವ ಸಣ್ಣ ಪ್ರಾಣಿಗೆ ಒಪ್ಪುವ ಈ ಬಣ್ಣವನ್ನು 15 ಟನ್ನಿಗೂ ಮೀರಿ ತೂಗುತ್ತಿದ್ದ ಬ್ರಾಂಟೋಸಾರಸ್ಸಿಗೆ ಬಳಿಯಲು ಜಾಹೀರಾತಿನ ಅನುಕೂಲವನ್ನು ಬಿಟ್ಟರೆ ಬೇರೆ ಆಧಾರವಿರಲಿಲ್ಲ.

ಆಧಾರ ದೊರೆತದ್ದು ಚೀನಾದ ಲಿಯಾವ್‌ನಿಂಗ್ ಪ್ರಾಂತದಲ್ಲಿ. ಅಲ್ಲಿಂದ 1996ರಲ್ಲಿ ಬೆಳಕಿಗೆ ಬಂದ ಸೈನೋಸಾರಾಪ್ಟೆರಿಕ್ಸ್ ಎಂಬ ಪುಟ್ಟ ಡೈನೋಸಾರಿನ ಮೈಮೇಲೆ ಗರಿಯ ಎಳೆಗಳಿದ್ದವು. ಆ ಎಳೆಗಳಲ್ಲಿ ಮೆಲನೋಸೋಮ್‌ಗಳು, ಅಂದರೆ ಜೀವಕೋಶದೊಳಗಿನ ವರ್ಣದ್ರವ್ಯದ ಸೂಕ್ಷ್ಮ ಚೀಲಗಳು, ಉಳಿದುಕೊಂಡಿರುವುದನ್ನು 2010ರಲ್ಲಿ ಸಂಶೋಧಕರು ತೋರಿಸಿದರು. ಇಂದಿನ ಹಕ್ಕಿಗಳಲ್ಲಿ ಉದ್ದನೆಯ ಚೀಲ ಕಪ್ಪನ್ನೂ ಗುಂಡನೆಯದು ಕೆಂಗಂದನ್ನೂ ಕೊಡುವುದರಿಂದ, ಈ ಪ್ರಾಣಿಯ ಬಾಲದಲ್ಲಿ ಕೆಂಗಂದು ಮತ್ತು ಬಿಳಿಯ ಪಟ್ಟೆಗಳಿದ್ದವೆಂದು ಅವರು ನಿರ್ಣಯಿಸಿದರು. ಅದೇ ವರ್ಷ ಆಂಕಿಯೋರ್ನಿಸ್ ಎಂಬ ಇನ್ನೊಂದು ಡೈನೋಸಾರ್ ಕಪ್ಪು-ಬಿಳಿ ಗರಿಗಳನ್ನೂ ಕೆಂಪು ಜುಟ್ಟನ್ನೂ ಹೊತ್ತು ಹೊರಬಂದಿತು. ಚಲನಚಿತ್ರಗಳು ಇದನ್ನು ಬೇಗ ಸ್ವೀಕರಿಸಲಿಲ್ಲ. 2015ರ ‘ಜುರಾಸಿಕ್ ವರ್ಲ್ಡ್’ನಲ್ಲಿಯೂ ಬೇಟೆಗಾರ ರ‍್ಯಾಪ್ಟರ್‌ಗಳು ಗರಿಯಿಲ್ಲದೆ ಓಡುತ್ತವೆ, ಅವುಗಳಲ್ಲೊಂದರ ಪಕ್ಕೆಯಲ್ಲಿ ನೀಲಿ ಪಟ್ಟೆಯೊಂದು ಹೊಳೆಯುತ್ತದೆ. ವಿಜ್ಞಾನ ಕೈಯಲ್ಲಿ ಇಟ್ಟುಕೊಟ್ಟ ಬಣ್ಣಕ್ಕಿಂತ ಕಲ್ಪಿತ ಬಣ್ಣವನ್ನೇ ಮೆಚ್ಚುವ ಈ ಹಟ ವಿಷಾದಕ್ಕೆ ಕಾರಣವಾಗುವಂಥದ್ದು.

ದೊಡ್ಡ ಡೈನೋಸಾರೊಂದರ ಬಣ್ಣಕ್ಕೂ ಆಧಾರ ಸಿಕ್ಕಿತು. ಕೆನಡಾದ ಆಲ್ಬರ್ಟಾ ಪ್ರಾಂತದ ಗಣಿಯೊಂದರಲ್ಲಿ 2011ರಲ್ಲಿ ದೊರೆತ, ಚರ್ಮ ಮತ್ತು ಕವಚಗಳ ಸಹಿತ ಉಳಿದಿದ್ದ ಬೊರಿಯಾಲೊಪೆಲ್ಟಾ ಸುಮಾರು 1,300 ಕಿಲೋ ತೂಗುತ್ತಿದ್ದ ಸಸ್ಯಾಹಾರಿ. 2017ರಲ್ಲಿ ಪ್ರಕಟವಾದ ರಾಸಾಯನಿಕ ಪರೀಕ್ಷೆಗಳ ಪ್ರಕಾರ ಅದರ ಬೆನ್ನು ಕೆಂಗಂದಾಗಿತ್ತು, ಹೊಟ್ಟೆಯತ್ತ ಬಣ್ಣ ತಿಳಿಯಾಗುತ್ತಿತ್ತು.