ಭೇಂಡಿಬಜಾರವಾಲೆ: ಮೆಚ್ಚಿದ ಗಾಯನದಿಂದ ಹೆಸರಾದವರು

ಕನ್ನಡನಾಡಿನಲ್ಲಿ ಇಬ್ಬರು ಅಪರಿಚಿತರು ಸಂಧಿಸಿದರೆ ಮೊದಲು ಹುಟ್ಟುವ ಪ್ರಶ್ನೆ 'ತಮ್ಮದು ಯಾವೂರಾಯಿತು?' ಎಂಬುದು. ಎರಡನೆಯದು, ಬಾಯಿಬಿಟ್ಟು ಕೇಳಲಿ ಬಿಡಲಿ, 'ಯಾರ ಪೈಕಿ?' ಎಂಬುದು. ಹೊಟ್ಟೆಯ ಪಾಡಿಗಾಗಿ ಮುಂಬಯಿಗೆ ಬಂದ ಕನ್ನಡಿಗನು ಹಾಸಿಗೆಯ ಸುರುಳಿಯೊಡನೆ ಈ ಎರಡು ಪ್ರಶ್ನೆಗಳನ್ನೂ ಹೊತ್ತು ತಂದನು. ಜಾತಿಗೊಂದು, ಸೀಮೆಗೊಂದು ಸಂಘವನ್ನು ಕಟ್ಟಿಕೊಂಡು ಅವುಗಳಿಗೆ ಉತ್ತರವನ್ನೂ ಒದಗಿಸಿದನು. ಆದರೆ ಈ ನಗರದಲ್ಲಿ ಮೂರನೆಯ ಪ್ರಶ್ನೆಯೊಂದು ಬಹುಕಾಲದಿಂದ ರೂಢಿಯಲ್ಲಿತ್ತು. ಸಂಗೀತದ ಬೈಠಕ್ಕಿನಲ್ಲಿ ಪಕ್ಕದಲ್ಲಿ ಕುಳಿತವನು ಊರನ್ನೂ ಕುಲವನ್ನೂ ಕೇಳುವುದಕ್ಕೆ ಮೊದಲೇ 'ತಾವು ಯಾರ ಗಾಯನವನ್ನು ಮೆಚ್ಚುವವರು?' ಎಂದು ಕೇಳುತ್ತಿದ್ದನು. ಈ ಪ್ರಶ್ನೆಗೆ ಕೊಡುವ ಉತ್ತರದಿಂದಲೇ ಒಬ್ಬನ ಗುರುತು ನಿಶ್ಚಯವಾಗುತ್ತಿದ್ದ ಲೋಕವೊಂದು ಬೈಕುಲ್ಲಾದ ಮಗ್ಗುಲಲ್ಲಿಯೇ ಬೆಳೆದು ಬಂದುದರ ಕಥೆ ವಿಚಾರಾರ್ಹವಾಗಿದೆ.

ಬೈಕುಲ್ಲಾ ಎಂಬ ಹೆಸರನ್ನು ಮರಾಠಿಯವರು ಭಾಯಖಳಾ ಎನ್ನುತ್ತಾರೆ. ಕಕ್ಕೆಯ ಮರಗಳಿದ್ದ 'ಖಳೆ', ಅಂದರೆ ಒಕ್ಕುವ ಕಣ, ಎಂಬುದು ಈ ಹೆಸರಿಗೆ ಹೇಳುವ ನಿಷ್ಪತ್ತಿಗಳಲ್ಲಿ ಒಂದು. ಅದು ನಿಜವಾಗಿದ್ದ ಪಕ್ಷದಲ್ಲಿ ಕನ್ನಡದ 'ಕಳ'ವನ್ನು ಬಲ್ಲವರಿಗೆ ಆ ಹೆಸರು ಅಷ್ಟೇನೂ ಪರಕೀಯವೆನಿಸದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ರೈಲುಗಾಡಿ ಹಾದುಹೋದ ದಾರಿಯಿದು. ಉತ್ತರಕ್ಕೆ ಗಿರಣಿಗಳು, ಪೂರ್ವಕ್ಕೆ ಮಝಗಾಂವಿಯ ಹಡಗುಕಟ್ಟೆ, ದಕ್ಷಿಣಕ್ಕೆ ಜೆ.ಜೆ. ಆಸ್ಪತ್ರೆಯನ್ನು ದಾಟಿದರೆ ಭೇಂಡಿಬಜಾರ. ಈ ಎರಡನೆಯ ಹೆಸರಿಗೂ ಎರಡು ಮೂಲಗಳನ್ನು ಹೇಳುತ್ತಾರೆ: ಅಲ್ಲಿದ್ದ ಭೇಂಡಿ, ಎಂದರೆ ಹೂವರಸಿ ಮರಗಳಿಂದ ಬಂದುದೆಂದು ಕೆಲವರು, ಕ್ರಾಫರ್ಡ್ ಮಾರ್ಕೆಟಿನ ಹಿಂದಿರುವುದರಿಂದ ಆಂಗ್ಲರು 'ಬಿಹೈಂಡ್ ದ ಬಜಾರ್' ಎಂದುದೇ ಜನರ ನಾಲಗೆಯಲ್ಲಿ ಹೀಗಾಯಿತೆಂದು ಇನ್ನು ಕೆಲವರು. ಮರದ ಪಕ್ಷವೇ ಹೆಚ್ಚು ಸಹಜವಾಗಿ ತೋರುತ್ತದೆ.

1870ರ ಸುಮಾರಿಗೆ ಉತ್ತರ ಹಿಂದುಸ್ಥಾನದ ಮುರಾದಾಬಾದ್-ಬಿಜನೋರ್ ಸೀಮೆಯಿಂದ ಛಜ್ಜೂಖಾನ್, ನಜೀರ್‌ಖಾನ್, ಖಾದಿಮ್ ಹುಸೇನ್‌ಖಾನ್ ಎಂಬ ಮೂವರು ಸೋದರರು ಮುಂಬಯಿಗೆ ಬಂದು ಈ ಭೇಂಡಿಬಜಾರದಲ್ಲಿ ನೆಲಸಿದರು. ತಂದೆ ದಿಲಾವರ್ ಹುಸೇನ್‌ಖಾನರಿಂದ ಕಲಿತ ವಿದ್ಯೆಯಲ್ಲದೆ ಸಹಸವಾನದ ಇನಾಯತ್ ಹುಸೇನ್‌ಖಾನರಿಂದ ಪಡೆದ ಶಿಕ್ಷಣವೂ ಅವರಿಗಿತ್ತು. ಒಂದೇ ಉಸಿರಿನಲ್ಲಿ ದೀರ್ಘವಾದ ಸ್ವರಪಂಕ್ತಿಯನ್ನು ಎಳೆಯುವುದು, ತೆರೆದ ಕಂಠದ ಆಕಾರ, 'ಮೇರುಖಂಡ'ವೆಂಬ ಸ್ವರಪ್ರಸ್ತಾರ ಇವು ಅವರ ಗಾಯನದ ವೈಶಿಷ್ಟ್ಯಗಳೆಂದು ಹೇಳುತ್ತಾರೆ. ಏಳು ಸ್ವರಗಳನ್ನು ಪುನರಾವೃತ್ತಿಯಿಲ್ಲದೆ ಜೋಡಿಸುವ ಕ್ರಮಗಳು 5040 ಆಗುತ್ತವೆ. ಇವುಗಳಲ್ಲಿ ರಾಗಕ್ಕೆ ಹೊಂದುವುದನ್ನು ಆರಿಸಿ ಹಾಡುವುದೇ ಮೇರುಖಂಡದ ಜಾಣ್ಮೆ. ಛಜ್ಜೂಖಾನರ ಮಗ ಅಮಾನ್ ಅಲಿಖಾನರು ಇದಕ್ಕೆ ಕರ್ನಾಟಕ ಸಂಗೀತದ ರೀತಿಯ ಸರಗಮ್ಮನ್ನು ಸೇರಿಸಿದರು. ದಕ್ಷಿಣದ ಹಂಸಧ್ವನಿಯಲ್ಲಿ ಅವರು ರಚಿಸಿದ ಬಂದಿಶ್ ಉತ್ತರದ ಗಾಯಕರಲ್ಲಿ ಮನೆಮಾತಾಯಿತು. ಬಾಲ್ಯ ಕಳೆದ ಹೊಸದರಲ್ಲಿ ಲತಾ ಮಂಗೇಶ್ಕರರು ಮುಂಬಯಿಯಲ್ಲಿ ಸ್ವಲ್ಪ ಕಾಲ ಪಾಠ ಹೇಳಿಸಿಕೊಂಡುದು ಈ ಉಸ್ತಾದರಿಂದಲೇ. ಖಾನ್ ಸಾಹೇಬರು 1953ರಲ್ಲಿ ತೀರಿಕೊಂಡರು. ಅವರ ಧ್ವನಿಮುದ್ರಣಗಳು ಅತ್ಯಲ್ಪ. ಅವರು ಹೇಗೆ ಹಾಡುತ್ತಿದ್ದರೆಂಬುದನ್ನು ಅವರನ್ನು ಮೆಚ್ಚಿದವರ ಕಂಠದಿಂದಲೇ ಊಹಿಸಬೇಕು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಿಂದುಸ್ಥಾನಿ ಸಂಗೀತದ ಘರಾಣೆಗಳ ಹೆಸರುಗಳೆಲ್ಲ ಬಹುಮಟ್ಟಿಗೆ ಹಿಂದಣ ಊರಿನವು, ಇಲ್ಲವೆ ಆಶ್ರಯವಿತ್ತ ಸಂಸ್ಥಾನದವು. ಅಬ್ದುಲ್ ಕರೀಮ್‌ಖಾನರು ಮಿರಜಿನಲ್ಲಿ ಬಾಳಿದರೂ ಅವರದು ಕಿರಾಣಾ. ಅಲ್ಲಾದಿಯಾಖಾನರು ಕೊಲ್ಲಾಪುರದಲ್ಲಿದ್ದು ಕೊನೆಗೆ ಮುಂಬಯಿಯಲ್ಲಿಯೇ 1946ರಲ್ಲಿ ದೇಹಬಿಟ್ಟರೂ ಅವರದು ಜಯಪುರ-ಅತ್ರೌಲಿ. ಆದರೆ ಮುರಾದಾಬಾದ್ ಸೀಮೆಯ ಆ ಸೋದರರ ವಿದ್ಯೆಗೆ ಬಿಟ್ಟುಬಂದ ಊರಿನ ಹೆಸರು ನಿಲ್ಲಲಿಲ್ಲ. ಬಾಡಿಗೆಗೆ ಬಂದು ಇಳಿದ ಪೇಟೆಯ ಹೆಸರು ನಿಂತಿತು. ವಲಸೆ ಬಂದವನು ವಲಸೆಯ ನೆಲವನ್ನೇ ಮನೆತನದ ಹೆಸರಾಗಿಸಿಕೊಂಡ ಇಂತಹ ಉದಾಹರಣೆ ಸಂಗೀತದ ಚರಿತ್ರೆಯಲ್ಲಿ ವಿರಳ. ಆ ಪೇಟೆಯೂ ಈಗ ಹಿಂದಿನಂತಿಲ್ಲ. 2009ರಲ್ಲಿ ಸ್ಥಾಪಿತವಾದ ವಿಶ್ವಸ್ತ ಸಂಸ್ಥೆಯೊಂದು ಸುಮಾರು ಹದಿನಾರೂವರೆ ಎಕರೆಯ ವಿಸ್ತಾರದಲ್ಲಿದ್ದ 250ರಷ್ಟು ಹಳೆಯ ಕಟ್ಟಡಗಳ ಜಾಗದಲ್ಲಿ ಗಗನಚುಂಬಿಗಳನ್ನು ಎಬ್ಬಿಸುವ ಕಾರ್ಯವನ್ನು ಕೈಕೊಂಡಿತು. ಆ ಓಣಿಗಳಲ್ಲಿ ಒಂದು ದಿನವೂ ವಾಸಮಾಡದ ಗಾಯಕರು ಇಂದಿಗೂ ವೇದಿಕೆಯ ಮೇಲೆ ತಮ್ಮನ್ನು ಭೇಂಡಿಬಜಾರದವರೆಂದೇ ಪರಿಚಯಿಸಿಕೊಳ್ಳುತ್ತಾರೆ.

ಘರಾಣೆಯವನು ತನ್ನ ಗುರುವಿನ ಹೆಸರನ್ನು ಉಚ್ಚರಿಸುವಾಗ ಕಿವಿಯನ್ನು ಮುಟ್ಟಿಕೊಳ್ಳುತ್ತಾನೆ. ತನ್ನ ಹೆಸರಿಗಿಂತ ತಾನು ಒಲಿದವರ ಹೆಸರು ಮುಂದು. ಈ ಕ್ರಮ ಕನ್ನಡಿಗರಿಗೆ ಹೊಸದೇನಲ್ಲ. ಬಸವಣ್ಣನವರ ವಚನದ ಕೊನೆಗೆ ಬರುವುದು ಬಸವಣ್ಣನ ಹೆಸರಲ್ಲ, ಕೂಡಲಸಂಗಮದೇವನದು. ದಾಸರ ಕೀರ್ತನೆಯ ಅಂಕಿತವೂ ಇಷ್ಟದೈವದ್ದೇ. ಖಯಾಲಿನ ಸದಾರಂಗನಾದರೋ ತನ್ನದೇ ಕಾವ್ಯನಾಮವನ್ನು ಚೀಜಿನಲ್ಲಿ ನೆಯ್ದನು. ಆಗ್ರಾದ ಫೈಯಾಜ್‌ಖಾನರೂ 'ಪ್ರೇಮಪಿಯಾ' ಎಂದು ಹಾಗೆಯೇ ಮಾಡಿದರು. ಪ್ರೀತಿಪಾತ್ರನ ಹೆಸರಿನ ಮರೆಯಲ್ಲಿ ನಿಂತು ತನ್ನ ಗುರುತನ್ನು ಕೊಡುವ ಕನ್ನಡದ ರೀತಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದುದೆಂದರೆ ಅದು ಸ್ವಭಾಷಾಭಿಮಾನದ ಮಾತೇ ಆಗಲಾರದು.

ಧ್ವನಿಮುದ್ರಿಕೆಯು ಬಂದ ಮೇಲೆ ಹೆಸರು ಹೇಳುವ ಈ ಪದ್ಧತಿಗೆ ಯಂತ್ರದ ನಿರ್ಬಂಧ ಒದಗಿತು. 1902ರಲ್ಲಿ ಕಲಕತ್ತೆಯಲ್ಲಿ ಹಾಡಿದ ಗೌಹರ್‌ಜಾನಳು ಹಾಡು ಮುಗಿದೊಡನೆ ಆಂಗ್ಲಭಾಷೆಯಲ್ಲಿ ತನ್ನ ಹೆಸರನ್ನು ಕೂಗಿ ಹೇಳಿದಳು. ಅದು ಜಂಬವಲ್ಲ; ಮುದ್ರಿಕೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆಗೆ ಯಾವ ಚೀಟಿ ಅಂಟಿಸಬೇಕೆಂದು ತಿಳಿಯಬೇಕಾಗಿತ್ತು. ಆಮೇಲೆ ಚೀಟಿಯ ಮೇಲೆ ಹೆಸರಿನೊಡನೆ ಊರನ್ನು ಅಚ್ಚುಹಾಕುವುದು ವಾಡಿಕೆಯಾಯಿತು: ಆಗ್ರಾದ ಜೊಹರಾಬಾಯಿ, ಅಲಹಾಬಾದಿನ ಜಾನಕಿಬಾಯಿ. 1932ರಲ್ಲಿ ಧಾರವಾಡದ ಕಡೆಯ ಹತ್ತೊಂಬತ್ತರ ತರುಣಿಯೊಬ್ಬಳು ಮುಂಬಯಿಗೆ ಬಂದು ಎಚ್.ಎಂ.ವಿ. ಕಂಪನಿಗೆ ಹಾಡಿದಾಗ ಆಕೆಯ ಹೆಸರು 'ಗಾಂಧಾರಿ ಹುಬ್ಬಳ್ಳಿ' ಎಂದಾಯಿತು. ಮುಂದೆ ತಾಯಿಯ ಮನೆತನದ ಊರಾದ ಹಾನಗಲ್ಲು ಆ ಹೆಸರಿಗೆ ಸೇರಿ, ಜಗತ್ತು ಬಲ್ಲ ಗಂಗೂಬಾಯಿ ಹಾನಗಲ್ ಆದರು. ಹಾಡುವ ಹೆಂಗಸರ ಕುಲವನ್ನು ಎತ್ತಿ ಆಡುವುದಕ್ಕೆ ಸಮಾಜವು ಹಿಂಜರಿಯದಿದ್ದ ಆ ಕಾಲದಲ್ಲಿ, ಊರು ಮತ್ತು ಗುರು ಎಂಬ ಎರಡೇ ಗುರುತುಗಳಿಂದ ಬದುಕಿಡೀ ತಲೆಯೆತ್ತಿ ನಡೆದುದು ಸಣ್ಣ ಸಾಧನೆಯಲ್ಲ.

ಆ ಗುರು ಕುಂದಗೋಳದ ರಾಮಚಂದ್ರರಾಯರು, ಸವಾಯಿ ಗಂಧರ್ವರು. ಮರಾಠಿ ರಂಗಭೂಮಿ ಅವರನ್ನು ರಾಮಭಾವು ಕುಂದಗೋಳಕರ ಎಂದು ಕರೆದು ಕನ್ನಡದ ಊರಿಗೆ ತನ್ನ 'ಕರ'ವನ್ನು ಹಚ್ಚಿತು. ಆಮೇಲಿನ ಪೀಳಿಗೆಯ ಮನಸೂರ, ಹಾನಗಲ್ಲರಿಗೆ ಆ ಬಾಲ ಅಂಟಲಿಲ್ಲ. 'ಸವಾಯಿ' ಎಂದರೆ ಒಂದೂಕಾಲು. ಬಾಲಗಂಧರ್ವರ ಕೀರ್ತಿ ಮಹಾರಾಷ್ಟ್ರವನ್ನೆಲ್ಲ ತುಂಬಿದ್ದಾಗ ಅವರಿಗಿಂತ ಕಾಲುಪಾಲು ಹೆಚ್ಚು ಎಂದು ಮೆಚ್ಚಿದವರು ಕೊಟ್ಟ ಬಿರುದದು. ಒಬ್ಬರ ಅಭಿಮಾನಿಗಳು ಇನ್ನೊಬ್ಬರ ಅಭಿಮಾನಿಗಳಿಗೆ ಕೊಟ್ಟ ಉತ್ತರವೇ ಒಬ್ಬ ಮಹಾಗಾಯಕನ ಹೆಸರಾಗಿ ಉಳಿದುಬಿಟ್ಟಿತು. ಇದರಲ್ಲಿ ಕಿಂಚಿತ್ ವಿನೋದವೂ ಇದೆ.

ಮಲ್ಲಿಕಾರ್ಜುನ ಮನಸೂರರ ವೃತ್ತಾಂತವು ಇನ್ನೂ ಗಹನವಾದುದು. ಧಾರವಾಡದ ಹತ್ತಿರದ ಮನಸೂರಿನ ರೈತರ ಮನೆಯಲ್ಲಿ ಹುಟ್ಟಿ, ನಾಟಕ ಕಂಪನಿಯಲ್ಲಿ ಬೆಳೆದು, ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಧ್ವನಿಮುದ್ರಿಕೆಗಳಿಂದ ಹೆಸರು ಗಳಿಸಿದ ಮೇಲೆ ಅವರು 1930ರ ದಶಕದ ನಡುವೆ ಮುಂಬಯಿಯಲ್ಲಿ ಅಲ್ಲಾದಿಯಾಖಾನರ ಮಗ ಮಂಜಿಖಾನರಿಗೆ ಶಿಷ್ಯರಾದರು. ಹೆಸರು ಬಂದ ಮೇಲೆ ಮತ್ತೆ ಮೊದಲಿನಿಂದ ಕಲಿಯಲು ಕುಳಿತುಕೊಳ್ಳುವುದು ಎಲ್ಲರಿಗೂ ಸಾಧ್ಯವಾಗುವ ಮಾತಲ್ಲ. 1937ರಲ್ಲಿ ಮಂಜಿಖಾನರು ಅಕಾಲದಲ್ಲಿ ತೀರಿಕೊಂಡಾಗ ಮನಸೂರರು ಅವರ ತಮ್ಮ ಭುರ್ಜಿಖಾನರಲ್ಲಿ ಅಭ್ಯಾಸವನ್ನು ಮುಂದುವರಿಸಿದರು. 'ಯಾರ ಪೈಕಿ?' ಎಂದು ಕೇಳಿದರೆ ಶಿವಭಕ್ತರಾದ ಆ ವಚನಗಾಯಕರು ತಮ್ಮನ್ನು ಅಲ್ಲಾದಿಯಾಖಾನರ ಮನೆಯವರೆಂದು ಹೇಳಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಕನ್ನಡಿಗರ ಜಾತಿಸಂಘಗಳು ಇದೇ ನಗರದಲ್ಲಿ ಇದೇ ವರ್ಷಗಳಲ್ಲಿ ಬಲಗೊಳ್ಳುತ್ತಿದ್ದುವೆಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಹಾಗೆಂದು ಘರಾಣೆಯನ್ನು ಸಮತೆಯ ನಂದನವೆಂದು ಬಣ್ಣಿಸುವುದು ಸತ್ಯಕ್ಕೆ ಅಪಚಾರವಾದೀತು. ಉಸ್ತಾದರು ಅಪೂರ್ವ ರಾಗಗಳನ್ನು ಮಕ್ಕಳಿಗೆಂದು ಮುಚ್ಚಿಟ್ಟುಕೊಂಡ ಸಂಗತಿಗಳು ಎಷ್ಟೋ ಇವೆ; ಗಂಡಾಬಂಧನದ ದಾರವು ಒಳಗಿನವರನ್ನು ಕಟ್ಟುವಂತೆ ಹೊರಗಿನವರನ್ನು ತಡೆಯುತ್ತಲೂ ಇತ್ತು. ರಸಿಕರಂತೂ ಗಾಯಕರಿಗಿಂತ ಕಟ್ಟಾ ಪಕ್ಷಪಾತಿಗಳು. ತಮ್ಮ ಮೆಚ್ಚಿನವರ ತಾನನ್ನು ಹೊಗಳುವುದಕ್ಕಿಂತ ಇತರರ ಷಡ್ಜವನ್ನು ಹಳಿಯುವುದರಲ್ಲಿಯೇ ರಾತ್ರಿ ಕಳೆಯುವವರು ಆಗಲೂ ಇದ್ದರು. ಜಾತಿಯನ್ನು ಬಿಟ್ಟು ಬಂದವರು ಅಭಿಮಾನವನ್ನೇ ಇನ್ನೊಂದು ಜಾತಿ ಮಾಡಿಕೊಳ್ಳುವ ಅಪಾಯ ಅಲ್ಲಿತ್ತು.

ಶಾಸ್ತ್ರೀಯ ಸಂಗೀತದ ಹೊರಗೂ ಈ ಪ್ರವೃತ್ತಿ ಹಬ್ಬಿತ್ತು. ಮಝಗಾಂವಿ, ಧೋಬಿತಲಾವುಗಳಲ್ಲಿ ಗೋವೆಯವರು ಊರಿಗೊಂದು 'ಕೂಡ್' ಕಟ್ಟಿಕೊಂಡು ವಾಸಿಸುತ್ತಿದ್ದರು. ಅಲ್ಲಿಯೂ ಮೊದಲ ಗುರುತು ಊರಿನದೇ. ಆದರೆ ವಾದ್ಯವೃಂದದ ವೇದಿಕೆಯನ್ನೇರಿದೊಡನೆ ಅಲ್ಡೋನಾ ಗ್ರಾಮದ ಆಂತೋನಿಯೋ ಶಾವಿಯೇರ್ ವಾಜ್ ಎಂಬ ತುತ್ತೂರಿವಾದಕನು 'ಚಿಕ್ ಚಾಕೊಲೇಟ್' ಆಗಿ, ಅಮೆರಿಕೆಯ ಕರಿಯ ಜನರ ಮಹಾವಾದಕ ಲೂಯಿ ಆರ್ಮ್‌ಸ್ಟ್ರಾಂಗನ ಭಾರತೀಯ ಪ್ರತಿರೂಪವೆಂದು ಹೆಸರಾದನು. 1951ರ 'ಅಲಬೇಲಾ' ಚಿತ್ರದಲ್ಲಿ ಅವನ ತಂಡ ಕಾಣಿಸಿಕೊಂಡಿದೆ.

ಆಕಾಶವಾಣಿಯು 1952ರಲ್ಲಿ ಚಿತ್ರಗೀತೆಗಳನ್ನು ದೂರವಿಟ್ಟಾಗ ಜನರು ರೇಡಿಯೋ ಸಿಲೋನಿನ ಕಡೆಗೆ ತಿರುಗಿದರು. ಅದೇ ವರ್ಷದ ಕೊನೆಗೆ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಮೊದಲಾಯಿತು. ಮುಂಬಯಿಯಲ್ಲಿ ಮುದ್ರಿತವಾದ ಧ್ವನಿ ಕೊಲಂಬೊಗೆ ಹೋಗಿ ಮುಂಬಯಿಗೇ ಮರಳಿ ಕೇಳಿಸುತ್ತಿತ್ತು. 1957ರ ಅಕ್ಟೋಬರ್ 3ರಂದು ವಿವಿಧಭಾರತಿ ಪ್ರಾರಂಭವಾದ ಮೇಲೆ ಫರ್ಮಾಯಿಶಿನ ಪತ್ರಗಳು ಇತ್ತಲೂ ಹರಿದುಬಂದುವು. ಅಭ್ರಕದ ಗಣಿಗಳ ಝುಮರಿ ತಲೈಯಾ ಎಂಬ ಊರು ದೇಶಕ್ಕೆಲ್ಲ ಪರಿಚಿತವಾದುದು ಈ ಪತ್ರಗಳಿಂದಲೇ. ಹೆಸರು, ಊರು, ಮೆಚ್ಚಿನ ಹಾಡು: ಇಷ್ಟೇ ವಿಜ್ಞಾಪನೆ. ಕೇಳುಗನು ಆ ಮೂರು ಮಾತುಗಳಲ್ಲಿ ಇಡೀ ದೇಶಕ್ಕೆ ತನ್ನನ್ನು ಪರಿಚಯಿಸಿಕೊಂಡು ಕೃತಾರ್ಥನಾಗುತ್ತಿದ್ದನು.

ಕನ್ನಡಿಗರ ಮಟ್ಟಿಗೆ ಈ ಎಲ್ಲ ಎಳೆಗಳೂ ಒಬ್ಬರಲ್ಲಿ ಕೂಡಿಕೊಂಡಿವೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರು ಮೊದಲು ಹಾಡಿದುದು ತಮ್ಮ ಹಾಡನ್ನಲ್ಲ, ತಟ್ಟೆಯ ಹಾಡನ್ನು. ಅಬ್ದುಲ್ ಕರೀಮ್‌ಖಾನರಂತಹವರ ಮುದ್ರಿಕೆಗಳನ್ನು ಒಂದು ಮೀಂಡೂ ತಪ್ಪದಂತೆ ಆ ಬಾಲಕನು ಒಪ್ಪಿಸುತ್ತಿದ್ದುದನ್ನು ಕಂಡು ಬೆರಗಾದ ಸ್ವಾಮಿಗಳೊಬ್ಬರು ಅವನನ್ನು 'ಕುಮಾರ ಗಂಧರ್ವ'ನೆಂದರು. ಹೆಸರೂ ಪರರು ಕೊಟ್ಟುದು, ಗಾಯನವೂ ಪರರದು. ತಂದೆ ಅವನನ್ನು ಊರೂರಿಗೆ ಕರೆದೊಯ್ದು ಹಾಡಿಸಿದರು. ಇದೇ ಕಾಲದಲ್ಲಿ ಗದಗಿನ ಭೀಮಸೇನ ಜೋಶಿಯೆಂಬ ಇನ್ನೊಬ್ಬ ಬಾಲಕನು ಅದೇ ಖಾನ್ ಸಾಹೇಬರ ಝಿಂಝೋಟಿಯ ಠುಮರಿಯನ್ನು ಮುದ್ರಿಕೆಯಲ್ಲಿ ಕೇಳಿ, ಹಾಗೆ ಹಾಡಬೇಕೆಂಬ ಹಂಬಲದಿಂದ 1933ರಲ್ಲಿ ಮನೆಬಿಟ್ಟು ಓಡಿದನು. ಒಬ್ಬನು ಮುದ್ರಿಕೆಯನ್ನು ಅನುಕರಿಸಿದನು, ಇನ್ನೊಬ್ಬನು ಅದನ್ನು ಹುಡುಕಿಕೊಂಡು ಹೊರಟನು.

ಬಾಲಕ ಕುಮಾರನು 1930ರ ದಶಕದ ನಡುವೆ ಮುಂಬಯಿಯ ಪ್ರೊಫೆಸರ್ ಬಿ.ಆರ್. ದೇವಧರರ ಸಂಗೀತಶಾಲೆಗೆ ಸೇರಿದನು. ವಿಷ್ಣು ದಿಗಂಬರರ ಶಿಷ್ಯರಾದ ದೇವಧರರು 1925ರಲ್ಲಿ ತೆರೆದ ಆ ಶಾಲೆಯ ಬಾಗಿಲು ಯಾವ ಘರಾಣೆಯವರಿಗೂ ಮುಚ್ಚಿರಲಿಲ್ಲ. ಅಲ್ಲಿ ಶಿಷ್ಯನು ಒಬ್ಬರ ಪ್ರತಿಧ್ವನಿಯಾಗುವುದನ್ನು ಬಿಟ್ಟು ಹಲವರನ್ನು ಕೇಳಲು ಕಲಿತನು. ಭೇಂಡಿಬಜಾರದ ನಜೀರ್‌ಖಾನರಲ್ಲಿ ಕಲಿತು, 1958ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋ ಆದ ಅಂಜನಿಬಾಯಿ ಮಾಲ್ಪೇಕರರಿಂದಲೂ ಅವರಿಗೆ ಪಾಠ ದೊರೆಯಿತು. ಮುರಾದಾಬಾದ್ ಸೀಮೆಯಿಂದ ಬೈಕುಲ್ಲಾದ ಮಗ್ಗುಲಿಗೆ ಬಂದ ವಿದ್ಯೆ ಹೀಗೆ ಸುಳೇಭಾವಿಯವರೆಗೆ ಮುಟ್ಟಿತು. 1948ರಲ್ಲಿ ಕ್ಷಯರೋಗಿಯಾಗಿ ಮಾಳವದ ದೇವಾಸಕ್ಕೆ ಹೋದ ಕುಮಾರರು ವರ್ಷಗಳ ಕಾಲ ಹಾಡಲಾರದೆ ಮಲಗಿ, ಆ ಸೀಮೆಯ ಜಾನಪದ ಗೀತೆಗಳನ್ನು ಕಿವಿಗೊಟ್ಟು ಕೇಳಿದರು. ಎದ್ದಮೇಲೆ ಹಾಡಿದುದು ಯಾವ ಘರಾಣೆಯ ಚೌಕಟ್ಟಿಗೂ ಒಗ್ಗದ ಗಾಯನ. ಘರಾಣೆಯ ಹೆಸರನ್ನು ಹೇಳಿಕೊಳ್ಳಲೊಪ್ಪದ ಅವರನ್ನು ಪರಿಚಯಿಸುವುದು ಹೇಗೆಂದು ನಿರೂಪಕರಿಗೆ ತೊಡಕಾದುದರಲ್ಲಿ ಆಶ್ಚರ್ಯವಿಲ್ಲ.

ಮೆಚ್ಚಿದವರು ಕೊಟ್ಟ ಬಿರುದಿನ ಅಡಿಯಲ್ಲಿ ಅವರ ಕನ್ನಡದ ಹೆಸರು ಜನರಿಗೆ ಮರೆತೇಹೋಯಿತು. ಆದರೆ ಗಾಯಕರಾದ ಅವರ ಮಗ ತನ್ನನ್ನು ಮುಕುಲ ಶಿವಪುತ್ರ ಎಂದು ಕರೆದುಕೊಂಡರು. ಮಗಳು ಕಲಾಪಿನಿಯವರು ದೇವಾಸದಲ್ಲಿದ್ದುಕೊಂಡು ಕೊಂಕಾಳಿ ಎಂಬ ಮನೆತನದ ಹೆಸರಿನಿಂದ ಹಾಡುತ್ತಾರೆ.